ಹಳೆಯ ನಾಣ್ಯ ಮತ್ತು ಅದರ ಊರು

ಮುಂಗಾರಿನ ಮೊದಲ ಹದಮಳೆ ಬಿದ್ದೊಡನೆ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಹೊಲಗಳಲ್ಲಿ ಶೇಂಗಾ ಬಿತ್ತನೆಯ ಸಡಗರ ಮೊದಲಾಗುತ್ತದೆ. ಮಳೆಯ ನೀರು ಮೇಲ್ಮಣ್ಣನ್ನು ತೊಳೆದೊಯ್ಯುತ್ತದೆ. ನೇಗಿಲು ಕೆಳಗಿನ ಮಣ್ಣನ್ನು ಮೇಲಕ್ಕೆ ತರುತ್ತದೆ. ಹಿಂದೆ ಊರಿದ್ದು ಈಗ ಹಾಳಾದ ದಿಬ್ಬಗಳ ಅಂಚಿನಲ್ಲಿ ಇಂಥ ದಿನಗಳಲ್ಲಿ ಮಡಕೆಯ ಚೂರು, ಬಳೆಯ ತುಂಡು, ಮಣಿ ಇವುಗಳ ನಡುವೆ ಹಸಿರು ಹಿಡಿದ ಪುಟ್ಟ ಬಿಲ್ಲೆಯೊಂದು ಒಮ್ಮೊಮ್ಮೆ ಕಣ್ಣಿಗೆ ಬೀಳುವುದುಂಟು. ಎತ್ತಿ ನೋಡಿದರೆ ಅದೊಂದು ನಾಣ್ಯ.

ಆ ಬಿಲ್ಲೆಯ ಮುಂದೆ ಮೂರು ಹಾದಿಗಳಿವೆ. ಅದು ಅಕ್ಕಸಾಲಿಯ ಮೂಸೆಯಲ್ಲಿ ಕರಗಿ ಉಂಗುರವೋ ಕಾಲ್ಗೆಜ್ಜೆಯೋ ಆಗಬಹುದು. ಕೈಯಿಂದ ಕೈಗೆ ಮಾರಾಟವಾಗುತ್ತ ಎಲ್ಲಿಂದ ಬಂದಿತೆಂಬುದು ಯಾರಿಗೂ ತಿಳಿಯದಂತೆ ದೂರದ ಪಟ್ಟಣವನ್ನು ಸೇರಬಹುದು. ಇಲ್ಲವೆ, ಇಂಥ ಊರಿನ ಇಂಥ ಹೊಲದಲ್ಲಿ, ಇಂಥ ದಿನ ಸಿಕ್ಕಿತೆಂಬ ವಿವರದೊಡನೆ ಬಲ್ಲವರ ಕೈ ಸೇರಬಹುದು. ಮೊದಲನೆಯ ಹಾದಿಯಲ್ಲಿ ಲೋಹ ಮಾತ್ರ ಉಳಿಯುತ್ತದೆ. ಎರಡನೆಯದರಲ್ಲಿ ನಾಣ್ಯ ಮಾತ್ರ ಉಳಿಯುತ್ತದೆ. ಮೂರನೆಯದರಲ್ಲಿ ಚರಿತ್ರೆಯೂ ಉಳಿಯುತ್ತದೆ. ಪುರಾತನ ನಾಣ್ಯಗಳ ಸಂಗ್ರಾಹಕನಾಗಬೇಕೆಂಬ ಆಸೆ ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರಿಗೆ ಇದೆ. ಹಾಗಾಗುವುದೆಂದರೆ ಈ ಮೂರನೆಯ ಹಾದಿಯನ್ನು ಹಿಡಿಯುವುದು ಎಂದು ನಾವು ಭಾವಿಸುತ್ತೇವೆ. ಅದು ಹೇಗೆಂಬುದನ್ನು ಇಲ್ಲಿ ನೋಡೋಣ.

ಎರಡು ನೆಲೆಗಳ ಸಾಕ್ಷಿ

ಮೊಳಕಾಲ್ಮೂರು ತಾಲ್ಲೂಕಿನ ಸಿದ್ದಾಪುರದ ಬಳಿ ಬ್ರಹ್ಮಗಿರಿ ಎಂಬ ಬೆಟ್ಟವಿದೆ. 1892ರಲ್ಲಿ ಬಿ. ಎಲ್. ರೈಸ್ ಅವರು ಇಲ್ಲಿಯೂ, ಸಮೀಪದ ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿಯೂ ಅಶೋಕ ಚಕ್ರವರ್ತಿಯ ಬಂಡೆಗಲ್ಲಿನ ಶಾಸನಗಳನ್ನು ಬೆಳಕಿಗೆ ತಂದರು. ಸುವರ್ಣಗಿರಿಯಲ್ಲಿದ್ದ ರಾಜಕುಮಾರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರಿಗೆ ಕಳುಹಿಸಿದ ಆಜ್ಞೆ ಅದು. ಬರೆದವನು ಚಪಡನೆಂಬ ಲಿಪಿಕಾರ. ಎಂದರೆ, ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿಯೇ ಈ ಸೀಮೆಯಲ್ಲಿ ಇಸಿಲವೆಂಬ ಪಟ್ಟಣವಿತ್ತು, ಅಧಿಕಾರಿಗಳಿದ್ದರು, ಬರೆಯಬಲ್ಲವರಿದ್ದರು. ಇಂಥ ಕಡೆ ಕೊಡುಕೊಳ್ಳುವ ವ್ಯವಹಾರವೂ ಇದ್ದೇ ಇರಬೇಕು.

ಇಲ್ಲಿಂದ ನೈರುತ್ಯಕ್ಕೆ, ಚಿತ್ರದುರ್ಗದ ಕೋಟೆಬೆಟ್ಟಗಳ ಮಡಿಲಿನಲ್ಲಿ ಚಂದ್ರವಳ್ಳಿ ಇದೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಚಿನ್ನದ ಅದಿರನ್ನು ಅರಸುತ್ತ ಬಂದ ಮರ್ವಿನ್ ಸ್ಮಿತ್ ಎಂಬ ಗಣಿ ಎಂಜಿನಿಯರಿಗೆ ಈ ಪ್ರದೇಶದಲ್ಲಿ ಚಿನ್ನದ ಬದಲು ಸೀಸದ ಬಿಲ್ಲೆಗಳು ದೊರೆತವು. ಒಂದು ಅಂಗುಲದಷ್ಟು ಅಗಲದ ಈ ಬಿಲ್ಲೆಗಳ ಒಂದು ಮುಖದಲ್ಲಿ ಹಿಣಿಲುಳ್ಳ ಗೂಳಿ. ಇನ್ನೊಂದು ಮುಖದಲ್ಲಿ ಕಟಕಟೆಯೊಳಗಿನ ಮರ ಮತ್ತು ಕಮಾನುಗಳನ್ನು ಪೇರಿಸಿದಂತಿರುವ ಬೆಟ್ಟ. ಗೂಳಿಯ ಸುತ್ತ ಬ್ರಾಹ್ಮೀ ಲಿಪಿಯಲ್ಲಿ ‘ಸದಕನ ಕಳಲಾಯ ಮಹಾರಠಿ’ ಎಂಬ ಬರೆಹ. ಮಹಾರಠಿ ಎಂಬುದು ಸಾತವಾಹನರ ಕಾಲದ ಪ್ರಬಲ ಮಾಂಡಲಿಕರ ಬಿರುದು. ಮಹಾರಾಷ್ಟ್ರದ ನಾಣೇಘಾಟಿನಲ್ಲಿರುವ ಸಾತವಾಹನ ಶಾಸನದಲ್ಲಿಯೂ ಈ ಬಿರುದು ಬರುತ್ತದೆ. ಎಲ್ಲಿಯ ನಾಣೇಘಾಟು, ಎಲ್ಲಿಯ ಚಿತ್ರದುರ್ಗ! ಈ ನಾಣ್ಯಗಳು ಎಲ್ಲಿ ದೊರೆತವೆಂಬುದು ದಾಖಲೆಯಾಗಿದ್ದುದರಿಂದಲೇ ಚಿತ್ರದುರ್ಗದ ಸುತ್ತ ಮಹಾರಠಿಗಳ ಆಳ್ವಿಕೆ ಇದ್ದಿತೆಂದು ಹೇಳುವುದು ಸಾಧ್ಯವಾಯಿತು. ಅದೇ ಬಿಲ್ಲೆಗಳು ಮುಂಬಯಿಯ ಒಂದು ಅಂಗಡಿಯಲ್ಲಿ ಊರುಹೆಸರಿಲ್ಲದೆ ದೊರೆತಿದ್ದರೆ, ಯಾವುದೋ ಒಂದು ನಾಡಿನ ಯಾವನೋ ಒಬ್ಬ ಮಹಾರಠಿ ಎಂದಷ್ಟೇ ನಾವು ಹೇಳಬೇಕಾಗುತ್ತಿತ್ತು.

ಪದರ ಹೇಳುವ ಮಾತು

ಊರಿನ ಹೆಸರು ತಿಳಿದರೆ ಇಷ್ಟು ಲಾಭ. ಮಣ್ಣಿನ ಯಾವ ಪದರದಲ್ಲಿ ನಾಣ್ಯವಿತ್ತೆಂಬುದೂ ತಿಳಿದರೆ ಲಾಭ ಇನ್ನೂ ಹೆಚ್ಚು.

1929ರಲ್ಲಿ ಮೈಸೂರು ಸಂಸ್ಥಾನದ ಪ್ರಾಕ್ತನ ಸಂಶೋಧನ ಇಲಾಖೆಯ ಡಾ. ಎಂ. ಎಚ್. ಕೃಷ್ಣ ಅವರು ಚಂದ್ರವಳ್ಳಿಯಲ್ಲಿ ಕ್ರಮವಾದ ಉತ್ಖನನ ನಡೆಸಿದರು. 1947ರಲ್ಲಿ ಭಾರತೀಯ ಪುರಾತತ್ತ್ವ ಇಲಾಖೆಯ ಮಹಾನಿರ್ದೇಶಕರಾಗಿದ್ದ ಮಾರ್ಟಿಮರ್ ವೀಲರ್ ಅವರು ಬ್ರಹ್ಮಗಿರಿ, ಚಂದ್ರವಳ್ಳಿ ಎರಡನ್ನೂ ಅಗೆಸಿದರು. ಚಂದ್ರವಳ್ಳಿಯಲ್ಲಿ ಸಾತವಾಹನರ ಕಾಲದ ನಾಣ್ಯಗಳಲ್ಲದೆ, ರೋಮಿನ ಚಕ್ರವರ್ತಿಗಳಾದ ಆಗಸ್ಟಸ್ ಮತ್ತು ತಿಬೇರಿಯಸರ ಬೆಳ್ಳಿಯ ನಾಣ್ಯಗಳೂ ದೊರೆತಿವೆ. ತಿಬೇರಿಯಸ್ ಆಳಿದ್ದು ಕ್ರಿ. ಶ. 14ರಿಂದ 37ರವರೆಗೆ.

ಕದಲದೆ ಉಳಿದ ಒಂದು ಪದರದಲ್ಲಿ ತಿಬೇರಿಯಸನ ನಾಣ್ಯ ಸಿಕ್ಕಿತೆನ್ನೋಣ. ಆ ಪದರ ಕ್ರಿ. ಶ. 14ಕ್ಕಿಂತ ಹಿಂದಿನದಾಗಿರಲಾರದು, ಹುಟ್ಟದ ನಾಣ್ಯ ಮಣ್ಣಿಗೆ ಬೀಳುವುದೆಂತು? ಆದರೆ ಎಷ್ಟು ವರ್ಷ ಈಚಿನದಾದರೂ ಆಗಿರಬಹುದು. ವಿಕ್ಟೋರಿಯಾ ರಾಣಿ ಕಾಲವಾದದ್ದು 1901ರಲ್ಲಿ. ಆಕೆಯ ಮುಖವಿರುವ ಬೆಳ್ಳಿ ರೂಪಾಯಿಯನ್ನು ನಮ್ಮ ಮನೆಗಳಲ್ಲಿ ಇಂದಿಗೂ ಲಕ್ಷ್ಮೀಪೂಜೆಯ ಕಲಶದ ಮುಂದೆ ಇಡುತ್ತೇವೆ. ನಾಳೆ ಆ ಮನೆ ಹಾಳುಬಿದ್ದು, ಸಾವಿರ ವರ್ಷದ ಮೇಲೆ ಯಾರಾದರೂ ಅಗೆದರೆ, ಆ ರೂಪಾಯಿಯೊಂದನ್ನೇ ನಂಬಿ ಮನೆಯನ್ನು ವಿಕ್ಟೋರಿಯಾ ಕಾಲದ್ದೆಂದರೆ ತಪ್ಪಾಗುವುದಿಲ್ಲವೆ? ಆದ್ದರಿಂದ ನಾಣ್ಯದ ಜೊತೆಗೆ ಅದೇ ಪದರದ ಮಡಕೆ, ಮಣಿ, ಇಟ್ಟಿಗೆ ಎಲ್ಲವನ್ನೂ ಕೇಳಬೇಕಾಗುತ್ತದೆ.

ವೀಲರ್ ಮಾಡಿದ್ದು ಇದನ್ನೇ. 1945ರಲ್ಲಿ ಅವರು ಪುದುಚೇರಿಯ ಬಳಿಯ ಅರಿಕಮೇಡುವಿನಲ್ಲಿ ಇಟಲಿಯಿಂದ ಬಂದ ಮಡಕೆಗಳ ನೆರವಿನಿಂದ, ಒಳಗಡೆ ಗಾಲಿಯಚ್ಚಿನ ಸಾಲುಗಳಿರುವ ಒಂದು ಬಗೆಯ ಮಡಕೆಯ ಕಾಲವನ್ನು ಗೊತ್ತುಮಾಡಿದ್ದರು. ಅದೇ ಬಗೆಯ ಮಡಕೆ ಚಂದ್ರವಳ್ಳಿ, ಬ್ರಹ್ಮಗಿರಿಗಳ ಮೇಲಿನ ಪದರಗಳಲ್ಲಿ ಕಂಡಿತು. ನಾಣ್ಯ ಮಡಕೆಗೆ ಸಾಕ್ಷಿಯಾಯಿತು, ಮಡಕೆ ನಾಣ್ಯಕ್ಕೆ ಸಾಕ್ಷಿಯಾಯಿತು. ಆ ಪದರದ ಕೆಳಗೆ ಕಬ್ಬಿಣ ಬಳಸುತ್ತ ಬೃಹತ್ ಶಿಲಾಗೋರಿಗಳನ್ನು ಕಟ್ಟಿದ ಜನ, ಅದಕ್ಕೂ ಕೆಳಗೆ ನಯಗೊಳಿಸಿದ ಕಲ್ಲುಕೊಡಲಿಯ ಜನ ಇದ್ದುದು ಹೀಗೆ ಮೇಲಿನಿಂದ ಕೆಳಕ್ಕೆ ಅನುಕ್ರಮವಾಗಿ ತಿಳಿದುಬಂತು.

ಇಲ್ಲಿ ಇನ್ನೊಂದು ಪಾಠವೂ ಉಂಟು. ನಾಣ್ಯವಿಲ್ಲದ ಕೆಳಗಿನ ಪದರಗಳಿಗೆ ವೀಲರ್ ಕಟ್ಟಿದ ಕಾಲ ಊಹೆಯದು. ಕಲ್ಲುಕೊಡಲಿಯ ಜನರನ್ನು ಅವರು ಕ್ರಿಸ್ತಪೂರ್ವ ಮೊದಲ ಸಹಸ್ರಮಾನದವರೆಂದು ಎಣಿಸಿದ್ದರು. ಮುಂದೆ ಇಂಗಾಲ-14 ವಿಧಾನ ಬಂದ ಮೇಲೆ ದಕ್ಷಿಣದ ಈ ಸಂಸ್ಕೃತಿ ಕ್ರಿಸ್ತಪೂರ್ವ ಮೂರನೆಯ ಸಹಸ್ರಮಾನದಷ್ಟು ಹಳೆಯದೆಂದು ಗೊತ್ತಾಯಿತು. ನಾಣ್ಯ ತಾನಿರುವ ಪದರದ ಮಾತನ್ನು ಹೇಳುತ್ತದೆಯೇ ಹೊರತು ತನ್ನ ಕೆಳಗಿನದನ್ನು ಹೇಳಲಾರದು.

ಮೊದಲ ನಾಣ್ಯ ಮನೆಯಲ್ಲಿಯೇ

ಇದನ್ನು ಓದಿದ ವಿದ್ಯಾರ್ಥಿ ಗುದ್ದಲಿ ಹಿಡಿದು ಬ್ರಹ್ಮಗಿರಿಗೆ ಹೊರಡಬಾರದು. ಸಂಗ್ರಾಹಕನ ಮೊದಲ ಗಣಿ ಮನೆಯ ಹಳೆಯ ಪೆಟ್ಟಿಗೆ. ಅಜ್ಜಿಯ ಎಲೆಯಡಕೆ ಚೀಲ, ದೇವರ ಗೂಡು, ಮದುವೆಯಲ್ಲಿ ಬಂದ ಮುಯ್ಯಿಯ ಗಂಟು, ತೊಟ್ಟಿಲಿಗೆ ಕಟ್ಟಿದ ಸರ ಇವುಗಳಲ್ಲಿ ನಮ್ಮ ನಾಡಿನ ಎರಡು ಮೂರು ಶತಮಾನಗಳು ಅಡಗಿವೆ.

ಮನೆಗಳಲ್ಲಿ ಇಂದಿಗೂ ಕಾಣಸಿಗುವ ಕೆಲವನ್ನು ಹೇಳುತ್ತೇವೆ. 1957ರ ಏಪ್ರಿಲ್ 1ರಂದು ದಶಮಾಂಶ ಪದ್ಧತಿ ಬಂದಾಗ ಹೊರಟ ‘ನಯೇ ಪೈಸೆ’ಗಳು, 1964ರಲ್ಲಿ ‘ನಯಾ’ ಎಂಬ ಮಾತು ಬಿದ್ದುಹೋಯಿತು. ಅದಕ್ಕೆ ಹಿಂದಿನ ಆಣೆ, ಕಾಸು, ಪೈಗಳು. ಆಗ ರೂಪಾಯಿಗೆ 16 ಆಣೆ, 192 ಪೈ. ಅದಕ್ಕೂ ಹಿಂದೆ ಮುಮ್ಮಡಿ ಕೃಷ್ಣರಾಜ ಒಡೆಯರ ತಾಮ್ರದ ನಾಣ್ಯಗಳು; ಇವುಗಳ ಮೇಲೆ ಕನ್ನಡದಲ್ಲಿಯೇ ‘ಮಯಿಲಿ ಕಾಸು’ ಎಂದು ಬರೆದಿರುತ್ತದೆ. ಅದೃಷ್ಟವಿದ್ದರೆ ಹೆಸರುಬೇಳೆಯಷ್ಟು ಚಿಕ್ಕದಾದ ಚಿನ್ನದ ಕಂಠೀರವ ಹಣವೂ ಸಿಕ್ಕೀತು. ಅದನ್ನು ಮೊದಲು ಟಂಕಿಸಿದವನು 1638ರಿಂದ 1659ರವರೆಗೆ ಆಳಿದ ಕಂಠೀರವ ನರಸರಾಜ ಒಡೆಯ.

ಚಿತ್ರದುರ್ಗದ ಸೀಮೆಯವರಿಗೆ ವಿಶೇಷವಾದದ್ದು ಟಿಪ್ಪುವಿನ ಆನೆಯ ಕಾಸು. 1779ರಲ್ಲಿ ಹೈದರಾಲಿ ಮದಕರಿ ನಾಯಕನಿಂದ ದುರ್ಗವನ್ನು ಕಸಿದುಕೊಂಡ ಮೇಲೆ ಅದು ಮೈಸೂರಿಗೆ ಸೇರಿತು. ಟಿಪ್ಪು ತನ್ನ ಅನೇಕ ಊರುಗಳಿಗೆ ಹೊಸ ಹೆಸರಿಟ್ಟು ಅಲ್ಲಿ ಟಂಕಸಾಲೆಗಳನ್ನು ನಡೆಸಿದನು. ಚಿತ್ರದುರ್ಗದ ಟಂಕಸಾಲೆಯ ನಾಣ್ಯದ ಹಿಂಭಾಗದಲ್ಲಿ ಪಾರಸಿ ಲಿಪಿಯಲ್ಲಿ ‘ಫರ್ರುಖ್‌ಯಾಬ್ ಹಿಸಾರ್’ ಎಂಬ ಹೆಸರಿರುತ್ತದೆ. ಇಸವಿಯನ್ನು ಓದುವಾಗ ಎಚ್ಚರ ಬೇಕು. ತನ್ನ ಆಳ್ವಿಕೆಯ ನಡುವೆ, 1787ರಲ್ಲಿ, ಟಿಪ್ಪು ಮೌಲೂದಿ ಎಂಬ ಹೊಸ ಶಕವನ್ನು ತಂದು, ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಯಿಸಿದನು. ನಮ್ಮ ರೂಢಿಯಂತೆ ಎಡದಿಂದ ಓದಿದರೆ 8121 ಎಂದು ಕಾಣುವುದು ನಿಜವಾಗಿ 1218. ಇಂಥ ಒಂದು ಒಗಟನ್ನು ತಾನೇ ಬಿಡಿಸಿದ ದಿನ ವಿದ್ಯಾರ್ಥಿ ಸಂಗ್ರಾಹಕನಾದನೆಂದು ತಿಳಿಯಬಹುದು.

ತೂಕ ಮತ್ತು ನೀರು

ಓದುವುದಾದ ಮೇಲೆ ಅಳೆಯುವುದು. ನಾಣ್ಯದ ಅಡ್ಡಗಲವನ್ನು ಮಿಲಿಮೀಟರುಗಳಲ್ಲಿಯೂ ತೂಕವನ್ನು ಗ್ರಾಂನ ನೂರನೆಯ ಒಂದು ಪಾಲಿನವರೆಗೂ ಗುರುತಿಸಿಕೊಳ್ಳಬೇಕು. ತೂಕ ನಾಣ್ಯದ ಕುಲವನ್ನು ಹೇಳುತ್ತದೆ. ಮೌರ್ಯರ ಕಾಲದಲ್ಲಿ ನಡೆಯುತ್ತಿದ್ದ ಮುದ್ರೆ ಗುದ್ದಿದ ಬೆಳ್ಳಿಯ ಕಾರ್ಷಾಪಣ 32 ಗುಲಗಂಜಿಯ ತೂಕದ್ದು, ಸುಮಾರು 3.4 ಗ್ರಾಂ. ಅಕ್ಕಸಾಲಿಗರು ನಮ್ಮ ಅಜ್ಜಂದಿರ ಕಾಲದವರೆಗೂ ಚಿನ್ನ ತೂಗುತ್ತಿದ್ದುದು ಅದೇ ಗುಲಗಂಜಿಯಿಂದ!

ಲೋಹ ಯಾವುದೆಂದು ತಿಳಿಯಲು ಒರೆಗಲ್ಲಿಗೆ ಉಜ್ಜಿದರೆ ನಾಣ್ಯ ಸವೆಯುತ್ತದೆ. ಅದಕ್ಕಿಂತ ಆರ್ಕಿಮಿಡೀಸನ ಉಪಾಯ ಮೇಲು. ಕಾಲೇಜಿನ ಪ್ರಯೋಗಶಾಲೆಯ ತಕ್ಕಡಿಯಲ್ಲಿ ವಿಕ್ಟೋರಿಯಾ ರೂಪಾಯಿಯನ್ನು ಮೊದಲು ಗಾಳಿಯಲ್ಲಿ ತೂಗಿರಿ. ಹೊಸದಾಗಿದ್ದಾಗ ಅದರ ತೂಕ 11.66 ಗ್ರಾಂ. ಅನಂತರ ತೆಳುವಾದ ದಾರದಿಂದ ಕಟ್ಟಿ, ನೀರಿನಲ್ಲಿ ಪೂರ್ತಿ ಮುಳುಗಿಸಿ ತೂಗಿರಿ. ತೂಕ 10.53 ಗ್ರಾಂ ಆಯಿತೆನ್ನೋಣ. ಕಳೆದುಹೋದ 1.13 ಗ್ರಾಂನಿಂದ 11.66ನ್ನು ಭಾಗಿಸಿದರೆ 10.3 ಬರುತ್ತದೆ. ಇದೇ ಅದರ ಸಾಂದ್ರತೆ. ಶುದ್ಧ ಬೆಳ್ಳಿಗೆ 10.5, ತಾಮ್ರಕ್ಕೆ 8.96. ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ, ಒಂದು ಪಾಲು ತಾಮ್ರ ಬೆರೆತ ಆ ರೂಪಾಯಿಗೆ 10.3 ಸರಿಯಾಗಿ ಹೊಂದುತ್ತದೆ. ಹಿತ್ತಾಳೆಯ ಮೇಲೆ ಬೆಳ್ಳಿಯ ಲೇಪ ಕೊಟ್ಟ ನಕಲಿಯಾಗಿದ್ದರೆ ನೀರಿನಲ್ಲಿ ಸುಮಾರು 1.37 ಗ್ರಾಂ ಕಳೆದು, ಸಾಂದ್ರತೆ 8.5ಕ್ಕೆ ಇಳಿಯುತ್ತಿತ್ತು. ಸವೆದ ನಾಣ್ಯದ ತೂಕ ಕಡಮೆಯಾದರೂ ಈ ಭಾಗಲಬ್ಧ ಬದಲಾಗುವುದಿಲ್ಲವೆಂಬುದು ಈ ವಿಧಾನದ ಸೊಗಸು. ಆದರೂ ಇದೊಂದೇ ಪ್ರಮಾಣವಲ್ಲ. ಸೀಸವನ್ನೂ ತವರವನ್ನೂ ಜಾಣತನದಿಂದ ಬೆರೆಸಿದರೆ ಅದೇ ಸಾಂದ್ರತೆ ಬರುವಂತೆ ಮಾಡಬಹುದು. ಆದ್ದರಿಂದ ಅಂಚನ್ನು ಭೂತಗನ್ನಡಿಯಿಂದ ನೋಡಬೇಕು. ಅಚ್ಚಿನಲ್ಲಿ ಎರಕ ಹೊಯ್ದ ನಕಲಿಗೆ ಅಂಚಿನಲ್ಲಿ ಬೆಸುಗೆಯ ಗೆರೆ, ಮೈಮೇಲೆ ಗಾಳಿಗುಳ್ಳೆಯ ಚುಕ್ಕೆಗಳು ಇರುವುದುಂಟು. ಟಂಕದಿಂದ ಹೊಡೆದ ನಾಣ್ಯದಲ್ಲಿ ಇವು ಇರುವುದಿಲ್ಲ.

ತೊಳೆಯದಿರುವ ವಿದ್ಯೆ

ಹೊಸಬರು ಮಾಡುವ ದೊಡ್ಡ ತಪ್ಪು ನಾಣ್ಯವನ್ನು ತಿಕ್ಕಿ ಬೆಳಗುವುದು. ನಾವೂ ಈ ತಪ್ಪಿಗೆ ಹೊರತಾಗಿರಲಿಲ್ಲ. ಹಸಿರು ಕಟ್ಟಿದ ಆನೆಯ ಕಾಸೊಂದು ಕೈಗೆ ಬಂದಾಗ, ಪೂಜೆಯ ತಾಮ್ರದ ಚೊಂಬನ್ನು ಬೆಳಗುವಂತೆ ಅದಕ್ಕೂ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿದೆವು. ಕಾಸು ಥಳಥಳ ಹೊಳೆಯಿತು. ಆದರೆ ಆನೆಯ ಸೊಂಡಿಲೂ ಹಿಂಭಾಗದ ಅಕ್ಷರಗಳೂ ಹಸಿರಿನ ಜೊತೆಗೆ ಹೊರಟುಹೋದವು. ಅದು ಫರ್ರುಖ್‌ಯಾಬ್ ಹಿಸಾರಿನದೋ ಶ್ರೀರಂಗಪಟ್ಟಣದ್ದೋ ಎಂಬುದನ್ನು ಇನ್ನು ಯಾರೂ ಹೇಳಲಾರರು. ಎರಡು ಶತಮಾನ ಉಳಿಸಿಕೊಂಡಿದ್ದ ತನ್ನ ಊರನ್ನು ಆ ಕಾಸು ನಮ್ಮ ಕೈಯಲ್ಲಿ ಒಂದು ಗಳಿಗೆಯಲ್ಲಿ ಕಳೆದುಕೊಂಡಿತು.

ಹೀಗೇಕಾಯಿತು? ತಾಮ್ರ ಮಣ್ಣಿನ ತೇವ, ಗಾಳಿ ಇವುಗಳೊಡನೆ ಸೇರಿ ಮೊದಲು ಕೆಂಪು ಆಕ್ಸೈಡಾಗಿ, ಅದರ ಮೇಲೆ ಹಸಿರು ಕಾರ್ಬೊನೇಟಾಗಿ ಮಾರ್ಪಡುತ್ತದೆ. ಅನೇಕ ವೇಳೆ ಅಕ್ಷರಗಳ ಮೂಲ ಆಕಾರ ಈ ಪೊರೆಯಲ್ಲಿಯೇ ಉಳಿದಿರುತ್ತದೆ. ಒಳಗಿನ ಲೋಹ ಆಗಲೇ ತಿಂದುಹೋಗಿರುತ್ತದೆ. ಹುಣಸೆಯ ಆಮ್ಲ ಪೊರೆಯನ್ನು ಕರಗಿಸಿದೊಡನೆ ಅಕ್ಷರವೂ ಕರಗುತ್ತದೆ. ಆದ್ದರಿಂದ ಒಣ ಮಣ್ಣನ್ನು ಮೆತ್ತನೆಯ ಕುಂಚದಿಂದ ಕೊಡಹುವುದಷ್ಟೇ ನಮ್ಮ ಕೆಲಸ. ಪುಡಿಪುಡಿಯಾಗಿ ಉದುರುವ ತಿಳಿಹಸಿರು ಮಾತ್ರ ಅಪಾಯದ ಗುರುತು. ಅದು ಕ್ಲೋರೈಡಿನ ಬೇನೆ. ಅಂಥದನ್ನು ಬೇರೆಯಾಗಿ ಒಣಗಿದ ಜಾಗದಲ್ಲಿಟ್ಟು ವಸ್ತುಸಂಗ್ರಹಾಲಯದ ರಸಾಯನಜ್ಞರಿಗೆ ತೋರಿಸಬೇಕು. ಸೀಸದ ನಾಣ್ಯವನ್ನು ಮರದ ಪೆಟ್ಟಿಗೆಯಲ್ಲಿ ಇಡಬಾರದು. ಮರ ಬಿಡುವ ಆಮ್ಲದ ಆವಿಯಿಂದ ಅದು ಬಿಳಿಯ ಪುಡಿಯಾಗುತ್ತದೆ. ಸೀಸ ವಿಷವಾದ್ದರಿಂದ ಮುಟ್ಟಿದ ಮೇಲೆ ಕೈ ತೊಳೆಯುವುದನ್ನೂ ಮರೆಯಬಾರದು.

ಚೀಟಿಯ ಬೆಲೆ

ಪ್ರತಿಯೊಂದು ನಾಣ್ಯವನ್ನೂ ಒಂದು ಕಾಗದದ ಲಕೋಟೆಯಲ್ಲಿಟ್ಟು, ಅದರೊಡನೆ ಒಂದು ಚೀಟಿ ಇಡಬೇಕು. ಕ್ರಮಸಂಖ್ಯೆ, ಲೋಹ, ತೂಕ, ಅಳತೆ, ಎರಡೂ ಮುಖಗಳ ವರ್ಣನೆ, ಯಾರಿಂದ ಬಂತು, ಎಂದು ಬಂತು, ಅವರಿಗೆ ಎಲ್ಲಿ ದೊರೆಯಿತು, ಒಂಟಿಯಾಗಿತ್ತೋ ಗಂಟಿನಲ್ಲಿತ್ತೋ ಇಷ್ಟನ್ನೂ ಬರೆಯಬೇಕು. ಒಂಟಿ ನಾಣ್ಯ ಯಾರದೋ ಕೈಜಾರಿ ಬಿದ್ದದ್ದು; ಗಂಟು ಯಾರೋ ಬೇಕೆಂದೇ ಬಚ್ಚಿಟ್ಟದ್ದು. 1891ರಲ್ಲಿ ಬೆಂಗಳೂರಿನ ಯಶವಂತಪುರದ ಬಳಿ ರೈಲುಹಾದಿಯ ಕೆಲಸದಲ್ಲಿ ರೋಮಿನ 163 ಬೆಳ್ಳಿ ನಾಣ್ಯಗಳು ಒಟ್ಟಿಗೆ ದೊರೆತವು. ಒಂದೊಂದಾಗಿ ಹಂಚಿಹೋಗಿದ್ದರೆ ಅವು 163 ಬಿಡಿ ನಾಣ್ಯಗಳಾಗುತ್ತಿದ್ದವು. ಒಟ್ಟಾಗಿ ದಾಖಲೆಯಾದ್ದರಿಂದ ಒಂದು ವ್ಯಾಪಾರದ ಕಥೆಯಾದವು.

ನಮ್ಮ ನಾಡಿನಲ್ಲಿ ನಾಣ್ಯ ಕೂಡಿಸಿದವರ ಪರಂಪರೆ ದೊಡ್ಡದು. ಮೈಸೂರು ಸೀಮೆಯನ್ನು ಅಳೆದ ಕಾಲಿನ್ ಮೆಕೆಂಜಿಯ ಸಂಗ್ರಹದಲ್ಲಿ 6,218 ನಾಣ್ಯಗಳಿದ್ದವು. ಧಾರವಾಡದ ಸೀಮೆಯಲ್ಲಿ ಅಧಿಕಾರಿಯಾಗಿದ್ದು, 1824ರ ಕಿತ್ತೂರಿನ ಕದನದಲ್ಲಿ ಸೆರೆಸಿಕ್ಕಿದ್ದ ವಾಲ್ಟರ್ ಎಲಿಯಟ್, ಶಾಸನಗಳನ್ನೂ ನಾಣ್ಯಗಳನ್ನೂ ಜೀವನವಿಡೀ ಕೂಡಿಸಿ, ಮುಪ್ಪಿನಲ್ಲಿ ಕಣ್ಣು ಮಂಜಾದ ಮೇಲೆ ದಕ್ಷಿಣ ಭಾರತದ ನಾಣ್ಯಗಳನ್ನು ಕುರಿತ ಗ್ರಂಥವನ್ನು ಮುಗಿಸಿದನು. ಅದು 1886ರಲ್ಲಿ ಅಚ್ಚಾಯಿತು. ಮರುವರ್ಷ ಅವನು ತೀರಿಕೊಂಡನು. ನಮ್ಮವರಲ್ಲಿ ಡಾ. ಎ. ವಿ. ನರಸಿಂಹಮೂರ್ತಿ ಅವರು ಕರ್ನಾಟಕದ ನಾಣ್ಯಗಳನ್ನೆಲ್ಲ ಒಂದು ಗ್ರಂಥದಲ್ಲಿ ಕ್ರಮಗೊಳಿಸಿದರು. ಇವರ ಸಂಪತ್ತು ನಾಣ್ಯಗಳಿಗಿಂತ ಹೆಚ್ಚಾಗಿ ಟಿಪ್ಪಣಿಗಳಲ್ಲಿತ್ತು.

ದಾಟಬಾರದ ಗೆರೆ

ಕೊನೆಯದಾಗಿ ಒಂದು ಎಚ್ಚರಿಕೆ. ಹಾಳುದೇಗುಲದ ಗರ್ಭಗುಡಿಯನ್ನೂ ವೀರಗಲ್ಲಿನ ಬುಡವನ್ನೂ ನಿಧಿಯ ಆಸೆಯಿಂದ ರಾತ್ರಿಯಲ್ಲಿ ಅಗೆಯುವವರು ನಮ್ಮ ನಾಡಿನಲ್ಲಿ ಇನ್ನೂ ಇದ್ದಾರೆ. ಅವರಿಗೆ ಚಿನ್ನ ಸಿಕ್ಕುವುದು ಅಪರೂಪ. ಪದರಗಳು ಕಲಸಿಹೋಗುವುದು ಮಾತ್ರ ಖಂಡಿತ. ಎಲ್ಲಿಂದ ಬಂತೆಂದು ಕೇಳದೆ ಕೊಳ್ಳುವ ಸಂಗ್ರಾಹಕನಿರುವವರೆಗೆ ಅವರ ಗುದ್ದಲಿಗೆ ಬಿಡುವಿಲ್ಲ. ಸಂರಕ್ಷಿತ ನೆಲೆಗಳಲ್ಲಿ ಅನುಮತಿಯಿಲ್ಲದೆ ಅಗೆಯುವುದು 1958ರ ಕಾನೂನಿನಂತೆ ಅಪರಾಧ. ನೆಲದಲ್ಲಿ ನಿಧಿ ಸಿಕ್ಕಿದವರು ಅದನ್ನು ಜಿಲ್ಲೆಯ ಅಧಿಕಾರಿಗಳಿಗೆ ತಿಳಿಸಬೇಕೆಂದು 1962ರ ರಾಜ್ಯದ ನಿಧಿ ಕಾನೂನು ವಿಧಿಸುತ್ತದೆ. ನೂರು ವರ್ಷ ದಾಟಿದ ನಾಣ್ಯಗಳನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸುವುದನ್ನು 1972ರ ಕಾನೂನು ತಡೆಯುತ್ತದೆ. ಚಿತ್ರದುರ್ಗದ ರಂಗಯ್ಯನ ಬಾಗಿಲಿನಲ್ಲಿ ಸರ್ಕಾರದ ವಸ್ತುಸಂಗ್ರಹಾಲಯವಿದೆ. ಸಂದೇಹ ಬಂದಾಗ ಅಲ್ಲಿಯವರನ್ನು ಕೇಳಲು ವಿದ್ಯಾರ್ಥಿಗಳು ಸಂಕೋಚಪಡಬೇಕಾಗಿಲ್ಲ.

ಹತ್ತು ನಾಣ್ಯ, ಹತ್ತು ಚೀಟಿ, ಒಂದು ತಕ್ಕಡಿ, ಒಂದು ಭೂತಗನ್ನಡಿ, ಒಂದು ದಪ್ಪ ಪುಸ್ತಕ ಇಷ್ಟಿದ್ದರೆ ಸಂಗ್ರಹ ಮೊದಲಾಯಿತು. ಮುಂದಿನ ಮುಂಗಾರಿನಲ್ಲಿ ನಿಮ್ಮೂರಿನ ರೈತರೊಬ್ಬರು ನೇಗಿಲ ಸಾಲಿನಲ್ಲಿ ಸಿಕ್ಕ ಬಿಲ್ಲೆಯೊಂದನ್ನು ತಂದು ತೋರಿಸಿದರೆ, ಇದರ ಬೆಲೆ ಎಷ್ಟೆಂದು ಯೋಚಿಸುವ ಮೊದಲು, ‘ಯಾವ ಹೊಲದಲ್ಲಿ ಸಿಕ್ಕಿತು, ಗೌಡರೇ? ಆ ಜಾಗ ತೋರಿಸುವಿರಾ?’ ಎಂದು ಕೇಳಿರಿ. ಉತ್ತರವನ್ನು ಆಗಲೇ ಬರೆದುಕೊಳ್ಳಿರಿ. ಆ ನಾಣ್ಯ ಕೊನೆಗೆ ಸಂಗ್ರಹಾಲಯಕ್ಕೇ ಹೋಗಲಿ, ಅದರ ಊರು ಅದರ ಜೊತೆಗೆ ಹೋಗುತ್ತದೆ.